ಇತರೆ ದನಿ

ತೊಟ್ಟಿಲಿಗೆ ಕಿವಿ ಬಂದ ಮೇಲೆ ಹುಬ್ಬಳ್ಳಿಯ ಜನ ತೊಟ್ಟಿಲ ಮುಂದೆ ನಡೆದುಕೊಳ್ಳುವ ರೀತಿಯೇ ಬೇರೆಯಾಯಿತು. ಮೊದಲಾದರೆ ಬಾಣಂತಿಯ ಕೋಣೆಯಲ್ಲಿ ಬಂಗಾರದ ದರ, ಬೀಗರ ಜಿಪುಣತನ, ಓಣಿಯ ಸೊಸೆಯಂದಿರ ನಡತೆ ಎಲ್ಲವೂ ಸರಾಗವಾಗಿ ಹರಿಯುತ್ತಿದ್ದವು. ಈಗ ಒಳಗೆ ಬಂದವರು ಸರಕಾರ ಕೊಟ್ಟು ತೊಟ್ಟಿಲ ಸರಪಳಿಗೆ ತೂಗಿಬಿಟ್ಟ ಬಿಲ್ಲೆಯನ್ನು ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ರೇಡಿಯೋದಲ್ಲಿ ವಾರ್ತೆ ಓದುವವರಂತೆ ಕೂಸಿನ ಯೋಗಕ್ಷೇಮ ವಿಚಾರಿಸುತ್ತಿದ್ದರು. ಬಿಲ್ಲೆಗೆ ಅವರ ಮಾತು ಬೇಕಿರಲಿಲ್ಲ. ಅದನ್ನು ಸರಕಾರ ಎಷ್ಟು ಸಲ ಹೇಳಿದರೂ ಯಾರೂ ನಂಬಿರಲಿಲ್ಲ.

ಬಿಲ್ಲೆ ಹಳೆಯ ಬೆಳ್ಳಿ ರೂಪಾಯಿಯಷ್ಟು ದೊಡ್ಡದು. ಕೇಳಿದ್ದನ್ನೆಲ್ಲ ಅದು ಅಲ್ಲೇ ಸೋಸಿ, ಅರ್ಥವನ್ನು ಚೆಲ್ಲಿ, ರಾಗವನ್ನಷ್ಟೇ ಉಳಿಸಿಕೊಳ್ಳುತ್ತಿತ್ತು. ಹೆತ್ತವಳು ಕೂಸಿನೊಡನೆ ಮಾತಾಡುವಾಗ ದನಿ ತಾನಾಗಿ ಮೇಲೇರುತ್ತದೆ, ಬಳುಕುತ್ತದೆ, ಒಂದೇ ಶಬ್ದವನ್ನು ಹತ್ತು ಬಗೆಯಲ್ಲಿ ಎಳೆಯುತ್ತದೆ. ಕೂಸು ಊಂ ಎಂದ ಮರುಕ್ಷಣ ಉತ್ತರ ಹೋಗುತ್ತದೆ. ಹೆರಿಗೆಯ ನಂತರದ ಖಿನ್ನತೆ ಹಿಡಿದವಳ ದನಿಯಲ್ಲಿ ಈ ಏರಿಳಿತ ಸವೆದುಹೋಗುತ್ತದೆ. ಕೂಸಿನ ಸದ್ದಿಗೂ ಅವಳ ಉತ್ತರಕ್ಕೂ ನಡುವಿನ ಸಂದು ಅಗಲವಾಗುತ್ತದೆ. ಅವಳಿಗೇ ತಿಳಿಯುವ ಮೊದಲು, ಮನೆಯವರು ಅದಕ್ಕೆ ಸೊಕ್ಕು ಎಂದು ಹೆಸರಿಡುವ ಮೊದಲು, ಬಿಲ್ಲೆಗೆ ತಿಳಿಯುತ್ತಿತ್ತು. ನಡುವಿನ ಸಣ್ಣ ದೀಪ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತಿತ್ತು. ಕೆಂಪು ಬಂದ ಮನೆಗೆ ಡಾಕ್ಟರು ಹೋಗುತ್ತಿದ್ದರು.

ದೀಪವನ್ನು ತೊಟ್ಟಿಲ ಮೇಲೆಯೇ ಇಟ್ಟದ್ದು ಎಂಜಿನಿಯರುಗಳ ಮುಗ್ಧತನ. ನಾಲ್ಕು ಮಂದಿಯ ಕಣ್ಣು ಬೀಳುವ ಕಡೆ ದೀಪ ಹಚ್ಚಿದರೆ ಅದು ರೋಗಕ್ಕಿಂತ ಹೆಚ್ಚಾಗಿ ಮನೆತನದ ಮಾನವನ್ನು ತೋರಿಸತೊಡಗುತ್ತದೆ. ವರ್ಷ ತುಂಬುವುದರೊಳಗೆ ಕನ್ಯೆ ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತ, "ನಿಮ್ಮ ಹಿರೇಮಗಳ ತೊಟ್ಟಲಕ್ಕ ಏನ್ ಬಣ್ಣ ಬಂದಿತ್ರಿ?" ಎಂದು ಕೇಳತೊಡಗಿದರು. ಹಸಿರು ಉಳಿಸುವುದು ಇಡೀ ಬಳಗದ ಹೊಣೆಯಾಯಿತು. ಬಾಣಂತಿ ಸುಮ್ಮನಿದ್ದರೆ, ಬಿಲ್ಲೆಗೆ ತಾಯಿಯ ದನಿ ಕಲಿಸುವ ದಿನದಿಂದಲೇ ಚಿಕ್ಕಮ್ಮ ಮಾತಾಡಿದಳು. ಚಿಕ್ಕಮ್ಮ ಇಲ್ಲದವರು ನಗುದನಿಯ ಹೆಂಗಸರನ್ನು ಕರೆಸಿಕೊಂಡರು. ಒಂದು ಮನೆಯವರಂತೂ ಟೀವಿ ಧಾರಾವಾಹಿಯ ತಾಯಿಯನ್ನೇ ತೊಟ್ಟಿಲ ಬಳಿ ಮಾತಿಗೆ ಬಿಟ್ಟಿದ್ದರು. ಜಾಹೀರಾತು ಬಂದಾಗ ಸಿಕ್ಕಿಬಿದ್ದರು.

ಇಂಥ ಎರವಲು ದನಿಗಳನ್ನು ಹಿಡಿಯುವುದು ನೀಲಾಂಬಿಕಾ ಹೊಸಮನಿಯ ನೌಕರಿಯಾಗಿತ್ತು.

ಹಳೆಯ ಅರಳೆ ಗೋದಾಮೊಂದರಲ್ಲಿ ಅವಳ ಕೇಂದ್ರ ನಡೆಯುತ್ತಿತ್ತು. ಫಲಕದ ಮೇಲಿನ ಹೆಸರು ಒಂದು ಉಸಿರಿಗೆ ಮುಗಿಯುವಂಥದ್ದಲ್ಲವಾದ್ದರಿಂದ ಎಲ್ಲರೂ ಅದನ್ನು ಕೇಳುಮನೆ ಎನ್ನುತ್ತಿದ್ದರು. ಸಾಲಾಗಿ ಕೂತ ಹೆಂಗಸರು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಯಂತ್ರಕ್ಕೆ ಅನುಮಾನ ಬಂದ ತೊಟ್ಟಿಲುಗಳನ್ನು ಕೇಳುತ್ತಿದ್ದರು. ಸೋಸಿದ ದನಿ, ಗೋಡೆಯಾಚೆ ಯಾರೋ ಬಾಯಿ ಮುಚ್ಚಿಕೊಂಡು ಮಾತಾಡಿದ ಹಾಗೆ ಬರೀ ಗುನುಗಾಗಿ ಬರುತ್ತಿತ್ತು. ನೀಲಾಂಬಿಕಾಗೆ ಅಷ್ಟು ಸಾಕು.

"ಇದು ಹೆತ್ತಾಕಿ ಅಲ್ಲ ಬಿಡ್ರಿ. ಈಕಿ ಮಾತಾಡೂಮುಂದ ಕೂಸಿನ ಕಡೆ ನೋಡಾಕತ್ತಿಲ್ಲ, ಬಾಗಲದ ಕಡೆ ನೋಡಾಕತ್ತಾಳ."

ಡಾಕ್ಟರು ಹೋಗಿ ನೋಡಿದರೆ ಹಾಗೇ ಇರುತ್ತಿತ್ತು. ಮುಖ್ಯ ಎಂಜಿನಿಯರ್ ಜಯತೀರ್ಥ ಕಟ್ಟಿಯವರು ಬಂದವರಿಗೆಲ್ಲ ಅವಳನ್ನು ತೋರಿಸಿ, "ಇವರ ಕಿವಿ ನಮ್ಮ ಯಂತ್ರಕ್ಕಿಂತ ಛಲೋ ಅದ. ಕರೆಂಟೂ ಬೇಕಾಗೂದಿಲ್ಲ" ಎನ್ನುತ್ತಿದ್ದರು.

ಆ ಕಿವಿಯ ಮನೆಗೆ ಆ ವರ್ಷ ಮಗಳು ಬಾಣಂತನಕ್ಕೆ ಬಂದಳು.

ವೈಜಯಂತಿ ಹಾವೇರಿಯ ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಗಂಡ ಕುಮಾರೇಶ ರೈಲ್ವೆ ಗಾರ್ಡು, ಅರ್ಧ ತಿಂಗಳು ಘಟ್ಟದ ಸುರಂಗಗಳಲ್ಲೇ ಕಳೆಯುವವನು. ಮಗಳ ದನಿ ಥೇಟ್ ತಾಯಿಯದೇ. ಮದುವೆಯಾದ ಹೊಸತರಲ್ಲಿ ಕುಮಾರೇಶ ಫೋನು ಮಾಡಿ, ಎತ್ತಿದವರು ಯಾರೆಂದು ವಿಚಾರಿಸದೆ, ಹೆಂಡತಿಗೆ ಆಡಬೇಕಾದದ್ದನ್ನು ಬಹಳ ಹೊತ್ತು ಅತ್ತೆಗೆ ಆಡಿದ್ದ. ಅತ್ತೆ ಕೊನೆಗೆ, "ಆತು, ಹೇಳ್ತೀನ್ರಿ ಆಕಿಗೆ" ಎಂದಿದ್ದಳು. ಅಂದಿನಿಂದ ಅವನು ಫೋನು ಎತ್ತಿದವರ ಹೆಸರು ಕೇಳಿಯೇ ಬಾಯಿ ಬಿಡುತ್ತಿದ್ದ.

ಕೂಸಿಗೆ ನಿಜಗುಣ ಎಂದು ಹೆಸರಿಟ್ಟ ದಿನವೇ ಬಿಲ್ಲೆಯನ್ನೂ ಕಟ್ಟಿದರು. ಅದಕ್ಕೆ ಮೊದಲು ಹೆತ್ತವಳ ದನಿ ಕಲಿಸಬೇಕು. ಆಮೇಲೆ ಅದು ಆ ದನಿಯನ್ನು ತಾಯಿ ಎಂದೂ ಮಿಕ್ಕದ್ದನ್ನೆಲ್ಲ ಇತರೆ ಎಂದೂ ವಿಂಗಡಿಸುತ್ತದೆ. ಬೇರೆಯವರು ಮಾತಾಡಕೂಡದು ಎಂಬ ನಿಯಮವನ್ನು ಊರಿನ ಅದೆಷ್ಟೋ ಅಜ್ಜಿಯರಿಗೆ ಬೈದು ಹೇಳಿದವಳು ನೀಲಾಂಬಿಕಾಳೇ.

"ಏನ್ ಮಾತಾಡ್ಲಿ?" ವೈಜಯಂತಿ ಕೇಳಿದಳು.

"ಏನರ ಮಾತಾಡು. ಗುಬ್ಬಿ ತೋರ್ಸು, ಅವರಪ್ಪನ್ನ ಬೈ."

ವೈಜಯಂತಿ ಕೂಸನ್ನು ನೋಡಿದಳು. "ನಿಜಗುಣ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ "ನಿಜಗುಣ" ಎಂದಳು, ಹಾಜರಿ ಕರೆಯುವ ಮಾಸ್ತರರ ಹಾಗೆ. ಬಿಲ್ಲೆ ಸಾಲದು ಎಂದು ಕಿಣಿಗುಟ್ಟಿತು. ಅವಳ ಹಣೆಯ ಮೇಲೆ ಬೆವರೊಡೆದಿತ್ತು.

"ಅವ್ವಾ, ಸಾಕಾಗೈತಿ."

ಹೊರಗೆ ಬೀಗರು ಊಟಕ್ಕೆ ಕಾಯುತ್ತಿದ್ದರು. ಮಗಳ ಮುಖ ಹಿಂಡಿದ ಬಟ್ಟೆಯಂತಿತ್ತು. "ಆತು ಬಿಡು" ಎಂದಳು ನೀಲಾಂಬಿಕಾ. "ಉಳದದ್ದು ನಾ ಹೇಳ್ತೀನಿ. ನಿಂದೂ ನಂದೂ ಒಂದ ದನಿ. ನೀ ಮಲಕ್ಕೊ."

ಬಿಲ್ಲೆ ತೃಪ್ತಿಯಿಂದ ಹಸಿರಾಯಿತು.

ಆಮೇಲಿನದು ಎಲ್ಲ ಮನೆಯ ಬಾಣಂತನದಂತೆಯೇ ನಡೆಯಿತು. ನೀರು ಹಾಕಲು ಬರುತ್ತಿದ್ದ ಬಸಲಿಂಗವ್ವ ಬಾಣಂತಿಯನ್ನು ಎಣ್ಣೆಯಲ್ಲಿ ನಾದಿ, ಕುದಿಯುವ ನೀರು ಸುರಿದು, ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ತುರುಕಿ, ಹೊರಸಿನ ಕೆಳಗೆ ಕೆಂಡವಿಟ್ಟು ಮಲಗಿಸುತ್ತಿದ್ದಳು. ಬಾಣಂತಿ ಹೆಚ್ಚು ಮಾತಾಡಿದರೆ ಬಾಯಿಯಿಂದ ಗಾಳಿ ಹೊಕ್ಕು ಮುಪ್ಪಿನಲ್ಲಿ ಕಾಡುತ್ತದೆ ಎಂಬುದು ಅವಳ ವೈದ್ಯಶಾಸ್ತ್ರ. "ನಿನ್ನ ಮಗಳು ಭಾಳ ಶ್ಯಾಣ್ಯಾಕಿ, ನೀಲವ್ವ" ಎಂದು ಹೊಗಳುತ್ತಿದ್ದಳು. "ನೀರಿನ ಕಾವಿಗೆ ಒಮ್ಮಿ ಅಯ್ಯ ಅನ್ನಲಿಲ್ಲ. ಈಗಿನ ಹುಡಿಗ್ಯಾರು ಕಿರಚಿ ಓಣಿ ಕೂಡಸ್ತಾರ. ಇದು ಬಾಯೇ ಇಲ್ಲದ ಕೂಸು."

ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಹುಡುಗಿಯ ಬಗ್ಗೆ ಈ ಮಾತು ಬಂದಾಗ ನೀಲಾಂಬಿಕಾಗೆ ಏನಾದರೂ ಅನ್ನಿಸಬೇಕಿತ್ತು. ಮಗಳು ದೊಡ್ಡವಳಾದಳು ಎಂದಷ್ಟೇ ಅನ್ನಿಸಿತು.

ರಜೆ ಮುಗಿದ ಮೇಲೆ ನೀಲಾಂಬಿಕಾ ಬೆಳಗಿನ ಪಾಳಿಗೆ ಹೋಗಿ ಮಧ್ಯಾಹ್ನ ಮನೆಗೆ ಬರುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಕೂಸಿನ ದನಿ ಕೇಳಿದರೆ ಅಂಗಳದಿಂದಲೇ ಉತ್ತರ ಕೊಡುತ್ತ ಒಳಗೆ ಬರುವಳು. ವೈಜಯಂತಿ ಹಾಲು ಕುಡಿಸಿದ ಕೂಡಲೇ "ತಗೋ" ಎಂದು ಕೂಸನ್ನು ಚಾಚಿ, ಗೋಡೆಯ ಕಡೆ ತಿರುಗಿ ಮಲಗುವಳು. ನಿದ್ದೆ ಅಲ್ಲ, ಕೂಸು ಮಲಗಿದಾಗಲೂ ಅವಳ ಕಣ್ಣುಗಳು ಗೋಡೆಯ ಸುಣ್ಣದ ಮೇಲೆ ತೆರೆದೇ ಇರುತ್ತಿದ್ದವು. ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿ ತುಂಬಿದ್ದು ತುಂಬಿದಂತೆಯೇ ಇತ್ತು. ಬೀಗಿತಿ ವಾರಕ್ಕೊಮ್ಮೆ ಫೋನು ಮಾಡಿ, "ಹಸರೈತಲ್ಲರಿ?" ಎಂದು ಕೇಳುವರು. "ಹಸರ ಐತ್ರಿ." "ಹಂಗಾರ ಛಲೋ ಆತು." ಅಲ್ಲಿಗೆ ಸೊಸೆಯ ವಿಚಾರ ಮುಗಿಯುತ್ತಿತ್ತು.

ಒಂದು ಸಂಜೆ ನೀಲಾಂಬಿಕಾ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಆಡಿಸುತ್ತಿದ್ದಾಗ ವೈಜಯಂತಿ ತಾನಾಗಿ ಮಾತಾಡಿದಳು.

"ನಿನ್ನ ಕೈಯಾಗ ಅದು ಭಾಳ ಚಂದ ಇರ್ತೈತಿ, ಅವ್ವಾ. ನಾ ಇರದಿದ್ರೂ ಅದಕ್ಕೇನೂ ಕಡಿಮಿ ಆಗೂದಿಲ್ಲ."

"ಹಾಲು ಯಾರು ಕುಡಸ್ತಾರ, ನಾನ?" ನೀಲಾಂಬಿಕಾ ನಕ್ಕಳು. ನಕ್ಕ ಮೇಲೆ, ಮಾತಿನಲ್ಲಿ ಏನೋ ಚುಚ್ಚಿದಂತಾಗಿ, ತಲೆಯೆತ್ತಿ ಮಗಳ ಮುಖ ನೋಡುವ ಬದಲು ತೊಟ್ಟಿಲ ಕಡೆ ನೋಡಿದಳು. ಹಸಿರು. ಅವಳ ಜೀವ ತಣ್ಣಗಾಯಿತು.

ಹೊಸದಾಗಿ ಸೇರಿದ ಕೇಳುಗರಿಗೆ ಪಾಠ ಮಾಡುವ ದಿನ ಕಟ್ಟಿಯವರು ಮಾದರಿ ದನಿಗಳನ್ನು ಹಾಕಿ ಕೇಳಿಸುವುದು ರೂಢಿ. ಮೊದಲು ಕೆಂಪಿನದು, ಆಮೇಲೆ ಹಳದಿಯದು, ಕೊನೆಗೆ ಬಾಯಿ ಸಿಹಿ ಮಾಡಿಕೊಳ್ಳಲು ಹಸಿರಿನದು. ನೀಲಾಂಬಿಕಾ ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು.

"ಇದನ್ನ ಕೇಳ್ರಿ" ಎಂದರು ಕಟ್ಟಿ. "ಈ ಸಲ ಇಡೀ ಜಿಲ್ಲಾದಾಗ ಇಂಥಾ ದನಿ ಇನ್ನೊಂದಿಲ್ಲ. ಕೂಸು ಕುಂಯ್ ಅಂದ್ರ ಸಾಕು, ತಡಾನ ಇಲ್ಲ. ಯಂತ್ರ ಪೂರಾ ಮಾರ್ಕ್ಸ್ ಕೊಟ್ಟದ. ಯಾರ ಮನೀದೋ ನನಗೂ ಗೊತ್ತಿಲ್ಲ, ಹೆಸರು ತಗದಿರ್ತದ."

ಗೋಡೆಯಾಚೆಯ ಗುನುಗು ಗೋದಾಮನ್ನು ತುಂಬಿತು. ಕೂಸೊಂದು ಮುಲುಗಿತು. ಒಡನೆಯೇ ಚ್ಚ ಚ್ಚ ಎಂದು ನಾಲಗೆ ಲೊಚಗುಟ್ಟಿದ ಸದ್ದು. ಅದರ ಬೆನ್ನಿಗೇ ಏರುತ್ತ, ಬಳುಕುತ್ತ, ನಗೆಯ ಅಂಚಿಗೆ ಹೋಗಿ ಮರಳುವ ದನಿ.

ನೀಲಾಂಬಿಕಾಳ ಅಪ್ಪ ಹುಬ್ಬಳ್ಳಿಯಲ್ಲಿ ಟಾಂಗಾ ಓಡಿಸಿದವರ ಪೈಕಿ ಕೊನೆಯವನು. ಕುದುರೆಯನ್ನು ಹಾಗೆ ಲೊಚಗುಟ್ಟಿ ಕರೆಯುತ್ತಿದ್ದ. ಅವನಿಂದ ಮಗಳಿಗೆ ಬಂದ ಆಸ್ತಿ ಅದೊಂದೇ. ವೈಜಯಂತಿಗೆ ಶಾಲೆಗೆ ಹೋಗುವಾಗ ಅದೆಂದರೆ ಸಾಯುವಷ್ಟು ನಾಚಿಕೆ. "ಗೆಳತ್ಯಾರ ಮುಂದ ನನ್ನ ಕುದರಿ ಕರದಂಗ ಕರೀಬ್ಯಾಡ" ಎಂದು ಅತ್ತಿದ್ದಳು. ಜನ್ಮದಲ್ಲಿ ಒಮ್ಮೆಯೂ ಹಾಗೆ ಲೊಚಗುಟ್ಟಿದವಳಲ್ಲ. ಬಿಲ್ಲೆ ಶಬ್ದಗಳನ್ನೆಲ್ಲ ಸೋಸಿತ್ತು. ನಾಲಗೆಯ ಈ ಸದ್ದು ಯಾವ ಭಾಷೆಯ ಶಬ್ದವೂ ಅಲ್ಲದ್ದರಿಂದ ಜರಡಿಯಲ್ಲಿ ನಿಂತುಬಿಟ್ಟಿತ್ತು.

ನೀಲಾಂಬಿಕಾಗೆ ಮೊದಲು ಆದದ್ದು ಹೆಮ್ಮೆ. ಇದನ್ನು ಆಮೇಲೆ ಅವಳು ಯಾರಿಗೂ ಹೇಳಲಿಲ್ಲ.

"ನೀವು ಹೇಳ್ರಿ ಮೇಡಂ" ಎಂದು ಕಟ್ಟಿಯವರು ತಿರುಗಿದರು. "ಹೆತ್ತಾಕಿ ದನಿ ಅಂದ್ರ ಹಿಂಗಿರಬೇಕು, ಹೌದಲ್ರಿ?"

"ಅಲ್ಲ" ಎಂದಳು ನೀಲಾಂಬಿಕಾ. "ಆಕಿ ಹೆತ್ತಾಕಿ ಅಲ್ಲ."

"ಮತ್ತ ಯಾರು?"

"ನಾನ."

ಹೊಸಬರು ನಕ್ಕರು, ತಮಾಷೆಯೆಂದುಕೊಂಡು. ಕಟ್ಟಿಯವರು ನಗಲಿಲ್ಲ.

ಒಂದು ತೊಟ್ಟಿಲಿನ ಪೂರ್ತಿ ದಾಖಲೆಯನ್ನು ತೆರೆಯಲು ಡಾಕ್ಟರರ ಅನುಮತಿ ಬೇಕು. ಕೇಂದ್ರದ ಮನೋವೈದ್ಯೆ ನಾಜನೀನ ಕಿತ್ತೂರ ಬಂದು ತಮ್ಮ ಬೆರಳೊತ್ತಿ, ನೀಲಾಂಬಿಕಾಳ ಹಿಂದೆ ನಿಂತರು. ಪರದೆಯ ಮೇಲೆ ಎರಡು ಸಾಲು. ಮೇಲಿನ ಸಾಲು ತಾಯಿ: ಅಲೆಯಲೆಯಾಗಿ, ಸಮೃದ್ಧವಾಗಿ. ಕೆಳಗಿನದು ಇತರೆ.

ಇತರೆ ಎಂಬಲ್ಲಿ ಎಲ್ಲವೂ ಇತ್ತು. ಬಸಲಿಂಗವ್ವನ ಒಡಕು ಗಂಟಲು, ಬಂದುಹೋದ ನೆಂಟರು, ಯಾರೋ ಅತ್ತೆಯೆಂದು ಯಂತ್ರ ತಿಳಿದುಕೊಂಡಿದ್ದ ಕುಕ್ಕರಿನ ಸೀಟಿ. ಅವುಗಳ ನಡುವೆ, ಬಹಳ ತಗ್ಗಿನಲ್ಲಿ, ಇನ್ನೊಂದು ದನಿ. ಕಸ ಗುಡಿಸುವವಳು ಇರಬಹುದು ಎಂದು ಯಂತ್ರ ಅದರ ಪಕ್ಕದಲ್ಲಿ ಊಹೆ ಬರೆದುಕೊಂಡಿತ್ತು.

ನೀಲಾಂಬಿಕಾ ಹೆಡ್‌ಫೋನ್ ಏರಿಸಿಕೊಂಡಳು.

ಮೊದಲ ವಾರಗಳು. ಕೂಸು ಊಂ ಎನ್ನುತ್ತದೆ. ಒಂದು ಸಂದು. ಆ ಸಂದಿನ ಕೊನೆಗೆ ತಗ್ಗಿನ ದನಿ ಏನೋ ಶುರುಮಾಡುತ್ತದೆ, ಕತ್ತಲಲ್ಲಿ ಗೋಡೆ ಹಿಡಿದು ಬರುವವರ ಹಾಗೆ. ಅಷ್ಟರಲ್ಲಿ ಚ್ಚ ಚ್ಚ. ಏರುದನಿ ಬಂದು ಎಲ್ಲವನ್ನೂ ಮುಚ್ಚುತ್ತದೆ. ಮತ್ತೆ ಕೂಸು, ಮತ್ತೆ ಸಂದು, ಮತ್ತೆ ಆ ಅರ್ಧ ಎದ್ದ ದನಿ, ಮತ್ತೆ ಚ್ಚ ಚ್ಚ. ಪ್ರತಿ ಸಲವೂ. ಅಡುಗೆಮನೆಯಿಂದ, ಅಂಗಳದಿಂದ, ಸ್ನಾನದ ಮನೆಯ ಬಾಗಿಲಿಂದ. ಅಷ್ಟು ದೂರದಿಂದಲೂ ಅವಳೇ ಮೊದಲು ಮುಟ್ಟಿದ್ದಳು.

ಆಮೇಲಿನ ವಾರಗಳಲ್ಲಿ ಸಂದು ಇತ್ತು, ತಗ್ಗಿನ ದನಿ ಇರಲಿಲ್ಲ. ನೀಲಾಂಬಿಕಾ ಕೆಲಸಕ್ಕೆ ಹೋದ ಬೆಳಗಿನ ಹೊತ್ತುಗಳು ಪೂರಾ ಖಾಲಿ. ತಾಯಿ ನಿದ್ದೆಯಲ್ಲಿರಬೇಕೆಂದು ಯಂತ್ರ ಉದಾರವಾಗಿ ಭಾವಿಸಿ, ಸಂಜೆಯ ಹಸಿರಿನಿಂದ ಅದನ್ನು ತುಂಬಿಕೊಟ್ಟಿತ್ತು. ಈಚೆಗೆ ಬೆಳಗಿನ ಹೊತ್ತು ಕೂಸೂ ಕರೆಯುವುದನ್ನು ಕಡಿಮೆ ಮಾಡಿತ್ತು.

ಅವಳು ಹೆಡ್‌ಫೋನ್ ತೆಗೆದಿಟ್ಟಳು. ಕಟ್ಟಿಯವರು ಮೆಲ್ಲಗೆ, "ಕಲಿಸೂ ದಿನ ಯಾರು ಮಾತಾಡಿದ್ರು?" ಎಂದರು.

"ನಾನ."

ಬೇರೆ ಯಾರಾದರೂ ಆಗಿದ್ದರೆ ಕಟ್ಟಿಯವರು ನಿಯಮಾವಳಿಯನ್ನು ಪೂರ್ತಿ ಹೇಳುತ್ತಿದ್ದರು. ಕನ್ನಡಕ ತೆಗೆದು ಒರೆಸಿಕೊಂಡರು. "ಗಾಡಿ ತರಸ್ತೀನಿ" ಎಂದು ಹೊರಗೆ ಹೋದರು.

ದಾರಿಯುದ್ದಕ್ಕೂ ನೀಲಾಂಬಿಕಾ ಮಾತಾಡಿದಳು. ಮಗಳ ಬಸುರಿನ ಬಯಕೆ, ಹೆರಿಗೆಯ ದಿನದ ಟ್ರಾಫಿಕ್ಕು, ಬೀಗಿತಿಯ ಹಸಿರಿನ ಹುಚ್ಚು. ಡಾಕ್ಟರು ಕಿಟಕಿಯಾಚೆ ನೋಡುತ್ತ ಕೇಳಿಸಿಕೊಂಡು, ಮನೆಯ ತಿರುವಿನಲ್ಲಿ ಹೇಳಿದರು: "ನೀಲಾಂಬಿಕಾ ಅವರ, ಒಳಗ ಹೋದಮ್ಯಾಲ ನೀವು ಸುಮ್ಮ ಕುಂದ್ರಬೇಕು. ಆಕಿ ಎಷ್ಟು ತಡಾ ಮಾಡಿದ್ರೂ."

ಕೋಣೆಯಲ್ಲಿ ಲೋಬಾನದ ಹೊಗೆ ತುಂಬಿತ್ತು. ಬಸಲಿಂಗವ್ವ ಬಂದವರು ಡಾಕ್ಟರೆಂದು ತಿಳಿದ ಕೂಡಲೇ ಬಿಲ್ಲೆಯ ಕಡೆ ಕೈ ಮಾಡಿ, "ಹಸರೈತಲ್ರಿ, ಮತ್ಯಾಕ ಬಂದ್ರಿ?" ಎಂದಳು. ಅವಳನ್ನು ಚಹಾ ಮಾಡಲು ಕಳಿಸಿದರು. ಡಾಕ್ಟರು ಹೊರಸಿನ ಅಂಚಿಗೆ ಕೂತು, "ಕಿವಿಯಾಗಿನ ಹತ್ತಿ ತಗೀಲೇನವಾ? ನಾ ಸಣ್ಣಗ ಮಾತಾಡಾಕಿ" ಎಂದರು. ವೈಜಯಂತಿ ತಲೆಯಾಡಿಸಿದಳು.

ಕೇಳಿದ್ದು ಸಾದಾ ಪ್ರಶ್ನೆಗಳು. ಕೂಸು ಮಲಗಿದಾಗ ನಿನಗ ನಿದ್ದಿ ಬರ್ತೈತೇನು. ಉಣ್ಣಾಕ ಮನಸಾಗ್ತೈತೇನು. ಮೊದಲ ಖುಷಿ ಕೊಡ್ತಿದ್ದುದು ಈಗೂ ಕೊಡ್ತೈತೇನು. ಇಲ್ಲ, ಇಲ್ಲ, ಇಲ್ಲ ಎಂದು ಉತ್ತರ ಬಂತು. ಒಂದೊಂದಕ್ಕೂ ಮುಂಚೆ ಅಷ್ಟುದ್ದದ ಮೌನ. ನೀಲಾಂಬಿಕಾ ಬಾಗಿಲ ಹೊಸ್ತಿಲಲ್ಲಿ ಸೆರಗು ಹಿಂಡುತ್ತ ಕೂತಿದ್ದಳು.

ನಡುವೆ ಕೂಸು ಊಂ ಎಂದಿತು. ನೀಲಾಂಬಿಕಾಳ ನಾಲಗೆ ತಾನಾಗಿ ಅಂಗುಳಕ್ಕೆ ಹೋಯಿತು. ಹಲ್ಲು ಕಚ್ಚಿದಳು. ಯಾರೂ ಮಾತಾಡಲಿಲ್ಲ. ಕೂಸು ಮತ್ತೊಮ್ಮೆ ಕರೆದು ಸುಮ್ಮನಾಯಿತು.

"ನೋಡ್ರಿ, ಹಿಂಗ" ಎಂದಳು ವೈಜಯಂತಿ. "ಅದು ಕರೀತೈತಿ. ನಂಗ ಕೇಳಸ್ತೈತಿ. ಒಳಗ ಎಲ್ಲಾ ನಾದಿಟ್ಟ ಹಿಟ್ಟಿನಂಗ ಆಗೈತ್ರಿ, ಅದರಾಗಿಂದ ದನಿ ಮ್ಯಾಲೆ ಬರೂದ್ರಾಗ ಅವ್ವ ಬಂದಿರ್ತಾಳ. ಅವ್ವಗ ಛಂದ ಬರ್ತೈತಿ. ಕೂಸಿಗೂ ಅದು ತಿಳದೈತಿ."

"ಸಾಯಬೇಕು ಅಂತ ಅನಸ್ತೈತೇನವಾ?"

ಡಾಕ್ಟರು ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವ ದನಿಯಲ್ಲಿಯೇ ಇದನ್ನೂ ಕೇಳಿದರು.

"ಸಾಯಬೇಕು ಅಂತ ಅಲ್ರಿ. ಇರಬಾರದು ಅಂತ." ವೈಜಯಂತಿ ಗೋಡೆ ನೋಡುತ್ತಿದ್ದಳು. "ಎರಡ ಸಲ ಎದ್ದು ಬಾಗಲತನಕ ಹೋಗಿದ್ದೆ. ಎಲ್ಲಿಗಂತ ಗೊತ್ತಿರಲಿಲ್ಲ."

"ತಿರಗಿ ಯಾಕ ಬಂದಿ?"

"ಹಾಲು ಇಳೀತ್ರಿ. ಕುಬಸಾ ತೊಯ್ತು. ತೊಯ್ದ ಕುಬಸದಾಗ ಓಣ್ಯಾಗ ಹೆಂಗ ಹೋಗೂದು."

ಸುಮ್ಮನಿರುತ್ತೇನೆಂದು ಒಪ್ಪಿಕೊಂಡಿದ್ದ ನೀಲಾಂಬಿಕಾಗೆ ತಡೆಯಲಾಗಲಿಲ್ಲ.

"ನಂಗ ಯಾಕ ಹೇಳಲಿಲ್ಲವ್ವಾ?"

ವೈಜಯಂತಿ ಮೊದಲ ಸಲ ತಿರುಗಿ ತಾಯಿಯ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಬರೀ ಗೊಂದಲ.

"ಹಸರ ಇತ್ತಲ್ಲ ಅವ್ವಾ. ದಿನಾ ನೋಡ್ತಿದ್ದೆ. ಯಂತ್ರ ಸುಳ್ಳ ಹೇಳೂದಿಲ್ಲ ಅಂತ ನೀನ ಹೇಳ್ತಿದ್ದಿ. ನಂಗೇನೂ ಆಗಿಲ್ಲ, ನನ್ನ ಗುಣಾನ ಕೆಟ್ಟೈತಿ ಅನಕೊಂಡೆ."

ಡಾಕ್ಟರು ಅವಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. "ಗುಣ ಅಲ್ಲ, ಜಡ್ಡು. ಹೆತ್ತ ಮ್ಯಾಲ ಎಷ್ಟೋ ಮಂದಿಗೆ ಬರ್ತೈತಿ, ಹೆಸರ ಹೇಳೂದಿಲ್ಲ ಅಷ್ಟ. ರಕ್ತ ಒಮ್ಮಿ ನೋಡೂಣು, ಥೈರಾಯ್ಡಿಂದೂ ಹಿಂಗ ಆಗೂದು ಐತಿ. ಹಾಲು ಕುಡಸಕೋತನ ತಗೊಳ್ಳೂ ಔಷಧ ಅದಾವು. ನಾಳಿಗೇ ಹಗರ ಆಗೂದಿಲ್ಲ, ವಾರಗಟ್ಟಲೆ ಹಿಡೀತೈತಿ. ಅಲ್ಲಿತನಕ ನಿನ್ನ ಒಬ್ಬಾಕಿನ್ನ ಬಿಡೂದಿಲ್ಲ. ಬಾಗಲಕ್ಕ ಹೋಗಬೇಕು ಅನಸಿದ್ರ, ಹೋಗೂಕಿಂತ ಮೊದಲ ನನಗ ಫೋನ್ ಮಾಡಬೇಕು. ಮಾಡ್ತಿಯೇನು?"

ಸಂದು. ಆಮೇಲೆ, "ಹೂಂ ರೀ."

ಹೊರಡುವ ಮುಂಚೆ ಬಿಲ್ಲೆಗೆ ಮತ್ತೆ ದನಿ ಕಲಿಸುವುದೋ, ಕಿತ್ತೊಯ್ಯುವುದೋ ಎಂದು ಡಾಕ್ಟರು ಕೇಳಿದರು. ಕಲಿಸುತ್ತೇನೆ ಎಂದಳು ವೈಜಯಂತಿ. ನೀಲಾಂಬಿಕಾ ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಚೆಯಿಂದ ಗುನುಗು ಬರುತ್ತಿತ್ತು, ಕೆಲಸದಲ್ಲಿ ಕೇಳುವ ಹಾಗೆಯೇ, ಶಬ್ದ ತಿಳಿಯುತ್ತಿರಲಿಲ್ಲ. ಚಪ್ಪಟೆಯಾದ, ಎಲ್ಲಿಯೂ ಏರದ ದನಿ. ಬೇರೆ ಮನೆಯಿಂದ ಬಂದಿದ್ದರೆ ಅವಳು ಅರೆಕ್ಷಣದಲ್ಲಿ ಗುರುತು ಹಾಕಿ ಮುಂದಿನದಕ್ಕೆ ಹೋಗುತ್ತಿದ್ದಳು. ವೈಜಯಂತಿ ಹುಟ್ಟಿದಾಗ ತಾನೂ ಆಚೆಯ ಅದೇ ಕೋಣೆಯಲ್ಲಿ ಜಂತಿ ನೋಡುತ್ತ ಮಲಗಿದ್ದು ಅವಳಿಗೆ ನೆನಪಾಯಿತು. ಜಂತಿ ನೋಡುವುದು ಬಾಣಂತನದ ಒಂದು ಭಾಗ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು.

ಬಿಲ್ಲೆ ಕೆಂಪಾಯಿತು. ಬಸಲಿಂಗವ್ವ ಹೌಹಾರಿ, ಕೂಸಿನ ತಲೆಗೆ ತೊಡಿಸುವ ಕುಂಚಿಗೆಯನ್ನು ಅದರ ಮೇಲೆ ಹೊದಿಸಲು ಹೋದಳು.

"ಬಿಡು ಬಸಲಿಂಗವ್ವ" ಎಂದಳು ವೈಜಯಂತಿ. "ಅದು ನಂದ."

ಕುಮಾರೇಶ ಮರುದಿನ ಬಂದ, ಗಾರ್ಡಿನ ಸಮವಸ್ತ್ರದಲ್ಲಿಯೇ. ಔಷಧದ ಹೊತ್ತು, ಡಾಕ್ಟರ ಭೇಟಿ, ಕೂಸನ್ನು ಎತ್ತಿಕೊಂಡು ಹೆಂಡತಿಗೆ ನಿದ್ದೆ ಮಾಡಗೊಡುವುದು, ಎಲ್ಲವನ್ನೂ ರೈಲಿನ ವೇಳಾಪಟ್ಟಿಯಂತೆ ಪಾಲಿಸಿದ. ಬಟ್ಟೆ ಒಗೆಯಲು ಮಾತ್ರ ಅವನಿಗೆ ಕೊನೆಗೂ ಬರಲಿಲ್ಲ. ಸುದ್ದಿ ತಿಳಿದ ಬೀಗಿತಿಯ ಫೋನು ಬಂತು.

"ಕೆಂಪ ಬಂದೈತಂತ, ಖರೇನ್ರಿ? ನಮ್ಮ ಮನಿತನದಾಗ ಯಾರಿಗೂ ಬಂದಿರಲಿಲ್ಲ."

"ನಮ್ಮ ಮನಿತನದಾಗೂ ಬಂದಿರಲಿಲ್ಲರಿ" ಎಂದಳು ನೀಲಾಂಬಿಕಾ. "ನಮ್ಮ ಕಾಲದಾಗ ಬಿಲ್ಲಿ ಎಲ್ಲಿತ್ತು? ಇದ್ದಿದ್ರ ನಂದು ಏನ್ ಬಣ್ಣ ಇರ್ತಿತ್ತೋ. ನಿಮ್ದು ಏನಿರ್ತಿತ್ರಿ?"

ಫೋನು ಕಡಿಯಿತೇನೋ ಎಂದುಕೊಳ್ಳುವಷ್ಟರಲ್ಲಿ ಬೀಗಿತಿ, "ಕುಮಾರೇಶ ಹುಟ್ಟಿದಾಗ ನಾ ಅವನ್ನ ಮುಟ್ಟೇ ಇರಲಿಲ್ಲಂತ, ನಮ್ಮತ್ತಿ ಹೇಳ್ತಿದ್ರು" ಎಂದರು. "ಇರ್ಲಿ ಬಿಡ್ರಿ. ಅಳವಿ ಪಾಯಸಾ ಮಾಡಿ ಕಳಸ್ತೀನಿ. ಆಕಿಗೆ ಸೇರ್ತೈತಿ."

ಕೇಳುಮನೆಯಲ್ಲಿ ಕಟ್ಟಿಯವರು ಮಾದರಿ ದನಿಯನ್ನು ಅಳಿಸಿದರು. ಇತರೆ ಸಾಲನ್ನೂ ಯಾರಾದರೊಬ್ಬರು ಕೇಳಲೇಬೇಕೆಂದು ಹೊಸ ನಿಯಮ ಬಂತು. ತೊಟ್ಟಿಲ ಮೇಲಿನ ದೀಪ ತೆಗೆಯಬೇಕೆಂಬ ಕಡತ ಬೆಂಗಳೂರಿಗೆ ಹೋಗಿ ಅಲ್ಲಿ ಒಳ್ಳೆಯ ಜಾಗ ನೋಡಿ ಕೂತುಕೊಂಡಿತು. ತಪ್ಪೊಪ್ಪಿಗೆ ಬರೆದುಕೊಟ್ಟ ನೀಲಾಂಬಿಕಾಗೆ ಮೇಲಿನವರು ಎಚ್ಚರಿಕೆ ಕೊಟ್ಟು ಬಿಟ್ಟರು. ಅವಳು ರಜೆ ಬರೆದಳು.

ಔಷಧ ಹಿಡಿಯಿತು, ಆದರೆ ಯಾರೂ ಗುರುತಿಸುವಂಥ ದಿನವೊಂದರಲ್ಲಿ ಅಲ್ಲ. ಒಂದು ದಿನ ವೈಜಯಂತಿ ಪಾಯಸ ಇನ್ನಷ್ಟು ಕೇಳಿದಳು. ಮರುದಿನ ಇಡೀ ಹಗಲು ಅತ್ತಳು. ಒಂದು ಮಧ್ಯಾಹ್ನ ಕೂಸಿನ ಜೊತೆ ತಾನೂ ನಿದ್ದೆ ಹೋಗಿ, ಎದ್ದಾಗ ಯಾರಾದರೂ ಬೈಯುವರೇ ಎಂದು ಸುತ್ತ ನೋಡಿದಳು. ಡಾಕ್ಟರಿಗೆ ಎರಡು ಸಲ ಫೋನು ಮಾಡಿದಳು. ಎರಡನೆಯ ಸಲ ಮಾಡುವಾಗ ಬಾಗಿಲಲ್ಲಿ ನಿಂತಿದ್ದಳು. ದೀಪ ಕೆಂಪಿಗೂ ಹಳದಿಗೂ ಹೋಗಿ ಬಂದು ಮಾಡುತ್ತಿತ್ತು. ಮನೆಯವರು ಅದನ್ನು ನೋಡುವುದನ್ನು ಕ್ರಮೇಣ ಬಿಟ್ಟು, ಅವಳನ್ನು ನೋಡುವುದನ್ನು ಕಲಿತರು. ಎರಡನೆಯದು ಹೆಚ್ಚು ಕಷ್ಟದ್ದು.

ನೀಲಾಂಬಿಕಾಗೂ ಒಂದು ಮದ್ದು ಇತ್ತು: ಬಾಯಿ ಮುಚ್ಚಿಕೊಂಡಿರುವುದು. ಅದು ಡಾಕ್ಟರು ಬರೆದುಕೊಟ್ಟದ್ದಲ್ಲ. ಕೂಸು ಕರೆದಾಗಲೆಲ್ಲ ಅವಳು ಕೈಯಲ್ಲಿದ್ದ ಕೆಲಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ, ಬಿಸಿಲು ಅಂಗಳಕ್ಕೆ ಇಳಿದಿತ್ತು. ಕುಮಾರೇಶ ಒಗೆದು ಹಾಳುಮಾಡಿದ ಕೂಸಿನ ಬಟ್ಟೆಗಳನ್ನು ನೀಲಾಂಬಿಕಾ ಇನ್ನೊಮ್ಮೆ ಒಗೆದು ಹಗ್ಗಕ್ಕೆ ಹಾಕುತ್ತಿದ್ದಳು. ಒಳಗೆ ವೈಜಯಂತಿಯೂ ಕೂಸೂ ಇಬ್ಬರೇ. ತೆರೆದ ಕಿಟಕಿಯಿಂದ ದನಿ ಬಂತು.

ಊಂ.

ನೀಲಾಂಬಿಕಾಳ ನಾಲಗೆ ಅಂಗುಳಕ್ಕೆ ಹತ್ತಿತು. ಅಲ್ಲಿಯೇ ಒತ್ತಿ ಹಿಡಿದಳು. ಕೈಯಲ್ಲಿದ್ದ ಹಸಿ ಕುಂಚಿಗೆಯಿಂದ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

ಊಂ, ಎಂದಿತು ಕೂಸು ಮತ್ತೊಮ್ಮೆ, ಸ್ವಲ್ಪ ಜೋರಾಗಿ.

ಇಂಥ ಸಂದುಗಳನ್ನು ಅಳೆದೇ ಅವಳು ಹೊಟ್ಟೆ ಹೊರೆದದ್ದು. ಪರದೆಯ ಮೇಲೆ ಅವು ಉಗುರಿನಷ್ಟು ಅಗಲ ಇರುತ್ತಿದ್ದವು. ಒಳಗೆ ನಿಂತರೆ ಇಷ್ಟು ದೊಡ್ಡವು ಎಂದು ಯಾರೂ ಹೇಳಿರಲಿಲ್ಲ. ಓಣಿಯ ತುದಿಯಲ್ಲಿ ಯಾರದೋ ಸ್ಕೂಟರು ಶುರುವಾಗಿ, ತಿರುವು ದಾಟಿ, ಸದ್ದು ಸತ್ತುಹೋಯಿತು. ಬೇಲಿಯ ಮೇಲೆ ಕೂತಿದ್ದ ಗುಬ್ಬಿ ಹಾರಿ ಹೋಯಿತು. ಹೋಗಲೇ, ಎಂದು ಅವಳ ಕಾಲು ಕೇಳಿತು.

ಆಗ ಒಳಗಿನಿಂದ, ತಗ್ಗಿನಲ್ಲಿ, ನಿದ್ದೆಯಿಂದ ಎದ್ದು ಬಂದಂಥ ದನಿ:

"ಏನೋ?"

ಅದು ಏರಲಿಲ್ಲ, ಬಳುಕಲಿಲ್ಲ. ಆದರೆ ಕೂಸು ಅದಕ್ಕಾಗಿಯೇ ಕಾದಿದ್ದಂತೆ ಉದ್ದಕ್ಕೆ ಏನೇನೋ ಹೇಳತೊಡಗಿತು.

ನೀಲಾಂಬಿಕಾ ಕುಂಚಿಗೆಯನ್ನು ಹಗ್ಗಕ್ಕೆ ಹಾಕಿದಳು. ಅದು ತಲೆಕೆಳಗಾಗಿತ್ತು. ಸರಿಮಾಡಲು ಹೋದರೆ ಸದ್ದಾದೀತೆಂದು ಹಾಗೆಯೇ ಬಿಟ್ಟಳು.